ನಗುವಾಗ ಸಲೀಸು, ಮಾತಾಡುವಾಗ ತುಂಡು: ದನಿಯ ಸೆಳೆತಕ್ಕೆ ಚಿಕಿತ್ಸೆ ಇದೆ

ಗಂಟಲಲ್ಲಿ ನೋವಿಲ್ಲ, ಕೆಮ್ಮಿಲ್ಲ, ಜ್ವರವಿಲ್ಲ. ಆದರೂ ಮಾತಾಡಲು ಬಾಯಿ ತೆರೆದರೆ ಯಾರೋ ಕುತ್ತಿಗೆ ಹಿಚುಕಿದ ಹಾಗೆ ದನಿ ಬಿಗಿಯುತ್ತದೆ, ಪದದ ನಡುವೆಯೇ ಕಡಿದು ಹೋಗುತ್ತದೆ. ಅದೇ ಮನುಷ್ಯ ನಕ್ಕರೆ ನಗು ಸಲೀಸು, ಭಜನೆಗೆ ಕೂತರೆ ಹಾಡು ಸಲೀಸು, ಪಿಸುಗುಟ್ಟಿದರೆ ಮಾತೂ ಸಲೀಸು. ಇದನ್ನು ಕಂಡ ಮನೆಯವರು ‘ಬೇಕಂತಲೇ ಮಾಡ್ತಾನ’ ಎನ್ನುತ್ತಾರೆ, ಓಣಿಯವರು ‘ಮನಸ್ಸಿಗೆ ಏನೋ ಹಚ್ಕೊಂಡಾನ’ ಎನ್ನುತ್ತಾರೆ. ಶುಂಠಿ ಕಷಾಯ, ಜೇನು, ಹರಕೆ, ನಿದ್ದೆಗುಳಿಗೆ ಎಲ್ಲವೂ ಮುಗಿದ ಮೇಲೂ ದನಿ ಹಾಗೇ ಇರುತ್ತದೆ.

ಇದು ನಟನೆಯೂ ಅಲ್ಲ, ಹುಚ್ಚೂ ಅಲ್ಲ. ಧ್ವನಿಪೆಟ್ಟಿಗೆಯ ಸ್ನಾಯುಗಳು ನಮ್ಮ ಹಿಡಿತಕ್ಕೆ ಸಿಗದೆ ಸೆಳೆತಕ್ಕೆ ಒಳಗಾಗುವ ನರರೋಗ. ವೈದ್ಯರು ಇದನ್ನು ಸ್ಪಾಸ್ಮಾಡಿಕ್ ಡಿಸ್ಫೋನಿಯಾ ಎನ್ನುತ್ತಾರೆ. ಈಚೆಗೆ ಲ್ಯಾರಿಂಜಿಯಲ್ ಡಿಸ್ಟೋನಿಯಾ ಎಂಬ ಹೆಸರೂ ರೂಢಿಯಲ್ಲಿದೆ. ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಆದರೆ ಮತ್ತೆ ಮಾತಾಡುವಂತೆ ಮಾಡುವ ಚುಚ್ಚುಮದ್ದಿನ ಚಿಕಿತ್ಸೆ ನಾಲ್ಕು ದಶಕಗಳಿಂದ ಇದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಜನ ಆ ಚಿಕಿತ್ಸೆಯವರೆಗೆ ತಲುಪುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ತೊಂದರೆ ಗಂಟಲಲ್ಲಿ, ಮೂಲ ಮೆದುಳಿನಲ್ಲಿ

ಮಾತಾಡುವಾಗ ಧ್ವನಿಪೆಟ್ಟಿಗೆಯ ಎರಡು ಧ್ವನಿತಂತುಗಳು ಹತ್ತಿರ ಬಂದು ಕಂಪಿಸುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಈ ಚಲನೆಗೆ ಆಜ್ಞೆ ಕೊಡುವುದು ಮೆದುಳು. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಅದರ ಜೊತೆ ಕೆಲಸ ಮಾಡುವ ಭಾಗಗಳ ಹೊಂದಾಣಿಕೆ ತಪ್ಪಿದಾಗ ಆಜ್ಞೆ ಅತಿಯಾಗಿ, ಅಕಾಲದಲ್ಲಿ ಹೊರಡುತ್ತದೆ. ತಂತುಗಳಲ್ಲಿ ಗಂಟಿಲ್ಲ, ಹುಣ್ಣಿಲ್ಲ. ನೋಡಲು ಚೊಕ್ಕವಾಗಿಯೇ ಇರುತ್ತವೆ. ಗಂಟಲಿಗೆ ಬರೀ ಕನ್ನಡಿ ಇಟ್ಟು ನೋಡಿ ‘ಏನೂ ಇಲ್ಲ’ ಎಂದು ಕಳಿಸಿಬಿಡುವುದು ಇದೇ ಕಾರಣಕ್ಕೆ.

ಬರೆಯುವಾಗ ಮಾತ್ರ ಬೆರಳು ಸೆಟೆಯುವುದು, ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುವುದು, ಕತ್ತು ಒಂದೇ ಕಡೆ ತಿರುಚಿಕೊಳ್ಳುವುದು, ಇವೆಲ್ಲ ಒಂದೇ ಕುಟುಂಬದ ರೋಗಗಳು. ಈ ಕುಟುಂಬಕ್ಕೆ ಡಿಸ್ಟೋನಿಯಾ ಎಂದು ಹೆಸರು. ಇವುಗಳಲ್ಲಿ ಹಲವು ಒಂದು ನಿರ್ದಿಷ್ಟ ಕೆಲಸ ಮಾಡುವಾಗ ಮಾತ್ರ ಎದ್ದು ಕಾಣುತ್ತವೆ. ನಗು, ಅಳು, ಹಾಡು, ಕೂಗು, ಪಿಸುಮಾತುಗಳನ್ನು ಮೆದುಳು ಮಾತಿಗಿಂತ ಬೇರೆ ರೀತಿಯಲ್ಲಿ ನಡೆಸುವುದರಿಂದ ಅಲ್ಲಿ ಸೆಳೆತ ಸಡಿಲುತ್ತದೆ. ಅಂದರೆ ‘ನಗುವಾಗ ಸರಿ ಇರುತ್ತದೆ’ ಎಂಬುದು ನಾಟಕಕ್ಕೆ ಸಾಕ್ಷಿಯಲ್ಲ, ಈ ರೋಗಕ್ಕೇ ಸಾಕ್ಷಿ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ತಂತುಗಳು ಒಂದಕ್ಕೊಂದು ಒತ್ತಿಕೊಂಡು ದನಿ ಬಿಗಿಯಾಗಿ ಕಡಿಯುವುದು ಅಡಕ್ಟರ್ ಬಗೆ, ಹೆಚ್ಚಿನವರಿಗೆ ಇದೇ. ತಂತುಗಳು ಇದ್ದಕ್ಕಿದ್ದಂತೆ ತೆರೆದುಕೊಂಡು ಮಾತಿನ ನಡುವೆ ಬರೀ ಗಾಳಿ ಬರುವುದು ಅಬ್ಡಕ್ಟರ್ ಬಗೆ; ಇದು ವಿರಳ. ಎರಡೂ ಬೆರೆತಿರುವುದುಂಟು, ಜೊತೆಗೆ ನಡುಕವೂ ಇರುವುದುಂಟು. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಹೆಚ್ಚು. ಮೊದಲ ಒಂದೆರಡು ವರ್ಷ ಏರಿ ಆಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಜೀವಕ್ಕೆ ಅಪಾಯವಿಲ್ಲ. ಒತ್ತಡ, ಸುಸ್ತು, ಅಪರಿಚಿತರ ಎದುರು, ಅದಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಮಾತಾಡುವಾಗ ಜೋರಾಗುತ್ತದೆ. ಒತ್ತಡ ಇದನ್ನು ಕೆರಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಜರ್ಮನಿಯ ವೈದ್ಯ ಲುಡ್ವಿಗ್ ಟ್ರೌಬೆ 1871ರಲ್ಲೇ ಇದನ್ನು ವರ್ಣಿಸಿದ್ದರು. ಆದರೂ ನೂರು ವರ್ಷ ಇದು ಮನೋರೋಗದ ಪಟ್ಟಿಯಲ್ಲೇ ಉಳಿಯಿತು. 2025ರಲ್ಲಿ ಅಮೆರಿಕದ ಆರೋಗ್ಯ ಸಚಿವರಾದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರ ಒಡೆದ, ಬಿಗಿದ ದನಿಯನ್ನು ಟಿವಿಯಲ್ಲಿ ಕೇಳಿರಬಹುದು. ಅವರದೂ ಇದೇ ರೋಗ.

ಮನೆಯಲ್ಲೇ ಕೇಳಿ ನೋಡಿ

ರೋಗ ಗುರುತಿಸುವುದು ವೈದ್ಯರ ಕೆಲಸ. ಆದರೆ ಅವರಿಗೆ ದಾರಿ ತೋರಿಸುವ ಸುಳಿವನ್ನು ಮನೆಯವರೇ ಕಲೆಹಾಕಬಹುದು. ಕನ್ನಡದ ಈ ಎರಡು ವಾಕ್ಯಗಳನ್ನು ಮೂರು ಮೂರು ಸಲ, ದಿನನಿತ್ಯದ ದನಿಯಲ್ಲಿ ಹೇಳಿಸಿ:

1. ನಾಳೆ ನಮ್ಮ ಮನೆಗೆ ಮಾವ ಬರುವನು.
2. ಕಪ್ಪು ಹಕ್ಕಿ ಕಟ್ಟೆ ಹತ್ತಿ ಕೂತಿತು.

ಮೊದಲ ವಾಕ್ಯದ ಎಲ್ಲ ಅಕ್ಷರಗಳಿಗೂ ಧ್ವನಿತಂತುಗಳು ಕಂಪಿಸುತ್ತಲೇ ಇರಬೇಕು. ದನಿ ಇಲ್ಲಿ ಹೆಚ್ಚು ಕಡಿದರೆ ಅಡಕ್ಟರ್ ಬಗೆಯ ಸಂಶಯ. ಎರಡನೆಯದರಲ್ಲಿ ಕ, ಪ, ಟ, ತ, ಹ ಗಳಿಗಾಗಿ ತಂತುಗಳು ಪದೇ ಪದೇ ತೆರೆದು ಮತ್ತೆ ಸೇರಬೇಕು. ಇಲ್ಲಿ ಗಾಳಿ ಸೋರಿ ದನಿ ಮಾಯವಾದರೆ ಅಬ್ಡಕ್ಟರ್ ಬಗೆಯ ಸಂಶಯ. ಎರಡರಲ್ಲೂ ಒಂದೇ ತೆರನಾಗಿ ಬಿಗಿ ಇದ್ದರೆ ಬೇರೆ ಕಾರಣ ಇರಬಹುದು. ಕೊಂಕಣಿ, ಮರಾಠಿ, ಉರ್ದು ಮಾತಾಡುವ ಮನೆಗಳಲ್ಲಿ ಗ, ಜ, ಡ, ದ, ಬ, ಮ, ನ, ಲ ತುಂಬಿದ ಒಂದು ವಾಕ್ಯ, ಕ, ಚ, ಟ, ತ, ಪ, ಸ ತುಂಬಿದ ಇನ್ನೊಂದು ವಾಕ್ಯ ಕಟ್ಟಿಕೊಳ್ಳಿ. ಮನೆಮಾತಿನಲ್ಲೇ ಪರೀಕ್ಷಿಸುವುದು ಮುಖ್ಯ.

ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿ. ಆ ಎರಡು ವಾಕ್ಯ, ಒಂದು ನಿಮಿಷ ಸಹಜ ಮಾತು, ಉಸಿರು ಇರುವಷ್ಟು ಹೊತ್ತು ‘ಆ’ ಎನ್ನುವುದು, ಪಿಸುಮಾತು, ಒಂದು ಸಾಲು ಹಾಡು, ನಗು. ಫೋನಿನಲ್ಲಿ ಮಾತಾಡುವಾಗಿನ ತುಣುಕೂ ಇರಲಿ. ದವಾಖಾನೆಗೆ ಹೋದ ದಿನ ದನಿ ಅಪ್ಪಿತಪ್ಪಿ ಚೆನ್ನಾಗಿದ್ದರೆ ಈ ವಿಡಿಯೊ ನಿಮ್ಮ ಪರವಾಗಿ ಮಾತಾಡುತ್ತದೆ.

ಇದೇ ಎಂದು ಮೊದಲೇ ನಿರ್ಧರಿಸಬೇಡಿ

ದನಿ ಕೆಡುವ ಕಾರಣಗಳಲ್ಲಿ ಈ ಸೆಳೆತ ಅಪರೂಪದ್ದು. ಹೆಚ್ಚು ಸಾಮಾನ್ಯವಾದವು ಬೇರೆ ಇವೆ:

• ತಂಬಾಕು, ಗುಟ್ಕಾ, ಬೀಡಿ ಬಳಸುವವರ ದನಿ ಒಡೆದು ಮೂರು ವಾರ ದಾಟಿದರೆ ಮೊದಲು ಗಂಟಲಿನ ಕ್ಯಾನ್ಸರ್ ಇಲ್ಲವೆಂದು ಖಾತ್ರಿಯಾಗಬೇಕು. ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ತೂಕ ಇಳಿಕೆ, ಉಸಿರಿಗೆ ತೊಡಕು ಇದ್ದರೆ ಮೂರು ವಾರವನ್ನೂ ಕಾಯಬೇಡಿ.

• ಶಿಕ್ಷಕರು, ಸಂತೆಯ ವ್ಯಾಪಾರಿಗಳು, ಕಾಳಿ ನದಿಯ ಅಬ್ಬರದ ಮೇಲೆ ಕೂಗಿ ಸೂಚನೆ ಕೊಡುವ ರಾಫ್ಟಿಂಗ್ ಗೈಡ್‌ಗಳು ದನಿಯನ್ನು ದಣಿಸಿ ತಂತುಗಳ ಮೇಲೆ ಗಂಟು ಬೆಳೆಸಿಕೊಳ್ಳುವುದುಂಟು.

• ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನರ ದುರ್ಬಲವಾಗಿ ಒಂದು ತಂತು ಚಲಿಸದೇ ಇರಬಹುದು. ಪಾರ್ಕಿನ್ಸನ್ ರೋಗದಲ್ಲಿ ದನಿ ಮೆತ್ತಗಾಗುತ್ತದೆ.

• ಮನೋರೋಗದ ಕೆಲವು ಔಷಧಗಳು, ವಾಂತಿ ತಡೆಯುವ ಕೆಲವು ಗುಳಿಗೆಗಳೂ ಡಿಸ್ಟೋನಿಯಾ ತರಬಲ್ಲವು. ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ.

• ಗಂಟಲ ಸ್ನಾಯುಗಳನ್ನು ಬಿಗಿಹಿಡಿದು ಮಾತಾಡುವ ಅಭ್ಯಾಸದಿಂದ ಬರುವ ಮಸಲ್ ಟೆನ್ಶನ್ ಡಿಸ್ಫೋನಿಯಾ, ಸ್ಪಾಸ್ಮಾಡಿಕ್ ಡಿಸ್ಫೋನಿಯಾದಂತೆಯೇ ಕೇಳುತ್ತದೆ. ಆದರೆ ಸರಿಯಾದ ಧ್ವನಿ ತರಬೇತಿಯಿಂದಲೇ ಇದು ವಾಸಿಯಾಗಬಲ್ಲದು. ಇವೆರಡನ್ನು ಬೇರ್ಪಡಿಸುವುದೇ ತಪಾಸಣೆಯ ಮುಖ್ಯ ಕೆಲಸ, ಏಕೆಂದರೆ ಒಂದಕ್ಕೆ ಚುಚ್ಚುಮದ್ದು ಬೇಕು, ಇನ್ನೊಂದಕ್ಕೆ ಬೇಡ.

ಎಲ್ಲಿಗೆ ಹೋಗಬೇಕು?

ಉತ್ತರ ಕನ್ನಡ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಘಟ್ಟದ ಕೆಳಗೆ ಕಾರವಾರದಲ್ಲಿ. ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕಿನವರಿಗೆ ಮೂಡಣ ದಿಕ್ಕೇ ಹತ್ತಿರ. ಹಳಿಯಾಳ, ದಾಂಡೇಲಿಯವರಿಗೆ ಧಾರವಾಡ, ಮುಂಡಗೋಡದವರಿಗೆ ತಡಸ ಮಾರ್ಗವಾಗಿ ಹುಬ್ಬಳ್ಳಿ. ಜೋಯಿಡಾ ಕಡೆಯವರು ದಾಂಡೇಲಿಗೆ ಬಂದು ಮುಂದೆ ಹೋಗಬೇಕು. ರಾಮನಗರ ಭಾಗದವರಿಗೆ ಲೋಂಡಾ, ಖಾನಾಪುರ ದಾಟಿ ಬೆಳಗಾವಿ ಸುಲಭ.

ಮೊದಲ ಹೆಜ್ಜೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ರೋಗ ಪೂರ್ತಿ ಗುರುತಾಗದಿದ್ದರೂ ಶಿಫಾರಸು ಪತ್ರ ಸಿಗುತ್ತದೆ. ಮುಂದೆ ಸರ್ಕಾರಿ ಯೋಜನೆಯ ನೆರವಿಗೆ ಅದು ಬೇಕು. ಕಾರ್ಖಾನೆಯಲ್ಲಿ ದುಡಿಯುವ, ಇಎಸ್‌ಐ ವಂತಿಗೆ ಕಟ್ಟುವವರು ದಾಂಡೇಲಿಯ ಇಎಸ್‌ಐ ಆಸ್ಪತ್ರೆಯಿಂದಲೇ ಪತ್ರ ಪಡೆಯಲಿ. ಮೂರು ತಾಸು ಬಸ್ಸಿನಲ್ಲಿ ಕೂರಲು ಆಗದವರು ಇ-ಸಂಜೀವಿನಿ ಮೂಲಕ ವಿಡಿಯೊ ಸಮಾಲೋಚನೆಯಿಂದ ಆರಂಭಿಸಬಹುದು. ನೆಟ್‌ವರ್ಕ್ ಸಿಗದ ಜೋಯಿಡಾದ ಹಳ್ಳಿಗಳವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಲಿ.

ಎರಡನೆಯ ಹೆಜ್ಜೆ ಇಎನ್‌ಟಿ ವಿಭಾಗ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ, ಧಾರವಾಡದ ಸತ್ತೂರಿನ ಎಸ್‌ಡಿಎಂ, ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಹೋದಾಗ ಕೇಳಬೇಕಾದ ಪರೀಕ್ಷೆ ಇದು: ಮೂಗಿನ ಮೂಲಕ ತೆಳುವಾದ, ಬಾಗುವ ದುರ್ಬೀನು ಇಳಿಸಿ, ರೋಗಿ ಮಾತಾಡುತ್ತಿರುವಾಗಲೇ ತಂತುಗಳನ್ನು ನೋಡುವುದು. ಬಾಯಿಯಿಂದ ಹಾಕುವ ಗಟ್ಟಿ ಕೊಳವೆಯಲ್ಲಿ ವಾಕ್ಯ ಹೇಳಲು ಆಗುವುದಿಲ್ಲ, ಸೆಳೆತವೂ ಕಾಣುವುದಿಲ್ಲ. ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನವನ್ನು ನಿಧಾನವಾಗಿ ತೋರಿಸುವ ಸ್ಟ್ರೋಬೋಸ್ಕೋಪಿ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ವಾಕ್ ತಜ್ಞರು ದನಿಯನ್ನು ಕೇಳಿ ಅಳೆಯಬೇಕು, ನರರೋಗ ತಜ್ಞರು ಒಮ್ಮೆ ನೋಡಬೇಕು. ಮೂವರೂ ಸೇರಿ ಹೇಳಿದ ರೋಗನಿರ್ಣಯವೇ ಗಟ್ಟಿ. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಈ ರೋಗ ಸಾಬೀತಾಗುವುದಿಲ್ಲ; ಸ್ಕ್ಯಾನ್ ಮಾಡಿಸುವುದು ಬೇರೆ ರೋಗಗಳನ್ನು ಬದಿಗಿಡಲಿಕ್ಕೆ.

ಸಂಶಯ ಬಗೆಹರಿಯದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಧ್ವನಿ ತೊಂದರೆಗಳ ತಪಾಸಣೆ, ತರಬೇತಿ ಎರಡೂ ನಡೆಯುತ್ತವೆ, ಅದೂ ಕನ್ನಡದಲ್ಲಿ. ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮೈಸೂರು. ಡಿಸ್ಟೋನಿಯಾಕ್ಕೆ ಸ್ನಾಯು ಸಡಿಲಿಸುವ ಬೋಟುಲಿನಂ ಚುಚ್ಚುಮದ್ದು ಕೊಡುವ ಅನುಭವ ಹೆಚ್ಚಿರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಧ್ವನಿಪೆಟ್ಟಿಗೆಗೆ ಬೋಟುಲಿನಂ ಚುಚ್ಚುಮದ್ದು ನಿಮ್ಮಲ್ಲಿ ಕೊಡುತ್ತೀರಾ, ಯಾವ ದಿನ?’ ಮುಖದ ಸುಕ್ಕಿಗೆ ಕೊಡುವವರೆಲ್ಲ ಗಂಟಲಿಗೆ ಕೊಡಲಾರರು.

ಚುಚ್ಚುಮದ್ದು: ಏನು, ಹೇಗೆ, ಎಷ್ಟು ದಿನ

ಬೋಟುಲಿನಂ ಟಾಕ್ಸಿನ್ ಒಂದು ಬ್ಯಾಕ್ಟೀರಿಯಾದ ವಿಷ. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ, ನರದ ತುದಿಯಿಂದ ಸ್ನಾಯುವಿಗೆ ಹೋಗುವ ರಾಸಾಯನಿಕ ಸಂದೇಶವನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಅಮೆರಿಕದ ಆಂಡ್ರ್ಯೂ ಬ್ಲಿಟ್ಜರ್ 1984ರಲ್ಲಿ ಇದನ್ನು ಧ್ವನಿಪೆಟ್ಟಿಗೆಯ ಡಿಸ್ಟೋನಿಯಾಕ್ಕೆ ಮೊದಲ ಬಾರಿ ಬಳಸಿದರು. ಇಂದಿಗೂ ಇದೇ ಮೊದಲ ಆಯ್ಕೆ.

ಮಲಗಿಸಿ, ಕತ್ತಿನ ಮುಂಭಾಗದಿಂದ ಸಣ್ಣ ಸೂಜಿಯನ್ನು ಧ್ವನಿಪೆಟ್ಟಿಗೆಯ ಸ್ನಾಯುವಿಗೆ ಇಳಿಸುತ್ತಾರೆ. ಸೂಜಿ ಸರಿಯಾದ ಸ್ನಾಯುವಿನಲ್ಲಿದೆಯೇ ಎಂದು ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಯಂತ್ರದ ಸದ್ದಿನಿಂದಲೋ, ಮೂಗಿನಿಂದ ಇಳಿಸಿದ ದುರ್ಬೀನಿನಿಂದಲೋ ಖಚಿತಪಡಿಸಿಕೊಳ್ಳುತ್ತಾರೆ. ಅರಿವಳಿಕೆ ಕೊಟ್ಟು ನಿದ್ದೆ ಮಾಡಿಸುವುದಿಲ್ಲ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಹುಬ್ಬಿನ ನಡುವಿನ ಸುಕ್ಕಿಗೆ 20 ಯೂನಿಟ್ ಬೋಟಾಕ್ಸ್ (ಇದೇ ಔಷಧದ ಒಂದು ಬ್ರಾಂಡು) ಬಳಸಿದರೆ, ಧ್ವನಿತಂತುವಿಗೆ ಒಂದು ಬದಿಗೆ ಒಂದೆರಡು ಯೂನಿಟ್‌ನಿಂದಲೇ ಆರಂಭಿಸುತ್ತಾರೆ.

ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಗಾಬರಿ ಇರುವುದಿಲ್ಲ. ಒಂದರಿಂದ ಮೂರು ದಿನದಲ್ಲಿ ಬಿಗಿ ಸಡಿಲುತ್ತದೆ. ಆಮೇಲೆ ಒಂದೆರಡು ವಾರ ದನಿ ಮೆತ್ತಗಾಗಿ, ಗಾಳಿ ಸೋರಿ ಗಾಳಿಮಾತಾಗುತ್ತದೆ. ನೀರು, ಚಹಾ, ಮಜ್ಜಿಗೆ, ಸಾರಿನಂಥ ತೆಳು ಪದಾರ್ಥ ಕುಡಿಯುವಾಗ ನೆತ್ತಿಗೇರಿ ಕೆಮ್ಮು ಬರಬಹುದು. ಗದ್ದ ಎದೆಯ ಕಡೆ ಬಾಗಿಸಿ ಸಣ್ಣ ಗುಟುಕಾಗಿ ಕುಡಿಯಿರಿ. ಗಂಜಿ, ಅಂಬಲಿಯಂಥ ಮಂದ ಆಹಾರ ಸುಲಭ. ಮಲಗಿಕೊಂಡು ಕುಡಿಯಬೇಡಿ. ಉಸಿರಾಟಕ್ಕೆ ಕಷ್ಟವಾದರೆ, ನುಂಗಲು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಹಂತ ದಾಟಿದ ಮೇಲೆ ಬರುವುದೇ ಒಳ್ಳೆಯ ದನಿಯ ಕಾಲ. ಚುಚ್ಚಿಸಿಕೊಂಡ ದಿನದಿಂದ ಲೆಕ್ಕ ಹಾಕಿದರೆ ಪರಿಣಾಮ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು ಇರುತ್ತದೆ. ನರದ ತುದಿಗಳು ಚೇತರಿಸಿಕೊಂಡಂತೆ ಸೆಳೆತ ಮರಳುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು. ಅಬ್ಡಕ್ಟರ್ ಬಗೆಯಲ್ಲಿ ಉಸಿರಿನ ದಾರಿ ತೆರೆಯುವ ಸ್ನಾಯುವಿಗೇ ಔಷಧ ಹಾಕಬೇಕಾದ್ದರಿಂದ ಎಚ್ಚರ ಹೆಚ್ಚು ಬೇಕು, ಫಲ ತುಸು ಕಡಿಮೆ.

ಗರ್ಭಿಣಿಯರು, ಎದೆಹಾಲು ಕುಡಿಸುವವರು, ಮಯಸ್ತೇನಿಯಾ ಗ್ರೇವಿಸ್‌ನಂಥ ಸ್ನಾಯು ದೌರ್ಬಲ್ಯದ ರೋಗ ಇರುವವರು, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ಪಡೆಯುತ್ತಿರುವವರು, ರಕ್ತ ತೆಳುಮಾಡುವ ಗುಳಿಗೆ ನುಂಗುವವರು ಮೊದಲೇ ತಿಳಿಸಬೇಕು.

ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ಔಷಧದ ಬ್ರಾಂಡು, ಯಾವ ಬದಿಗೆ ಎಷ್ಟು ಯೂನಿಟ್, ಗಾಳಿಮಾತು ಎಷ್ಟು ದಿನ, ಒಳ್ಳೆಯ ದನಿ ಎಷ್ಟು ವಾರ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವಲ್ಲ. ಮೊದಲ ಚುಚ್ಚುಮದ್ದು ನಿರಾಸೆ ಮಾಡಿದರೆ ಬಿಟ್ಟುಬಿಡಬೇಡಿ. ಎರಡು ಮೂರು ಸಲದಲ್ಲಿ ನಿಮ್ಮ ಗಂಟಲಿಗೆ ಒಗ್ಗುವ ಪ್ರಮಾಣ ಸಿಗುತ್ತದೆ. ಆ ನೋಟ್‌ಬುಕ್ಕೇ ವೈದ್ಯರಿಗೆ ಅಳತೆಗೋಲು.

ಕಾಲ ನೋಡಿ ಚುಚ್ಚಿಸಿಕೊಳ್ಳಿ

ಈ ಸೀಮೆಯಲ್ಲಿ ಮಳೆಗಾಲದ ಪ್ರಯಾಣವೇ ಒಂದು ಕಷ್ಟ. ಜೋಯಿಡಾದ ಒಳಹಳ್ಳಿಗಳವರು ಮೇ ತಿಂಗಳಲ್ಲೇ ಚುಚ್ಚಿಸಿಕೊಂಡರೆ ಮಳೆಯ ಜೋರು ಇಳಿಯುವವರೆಗೆ ದಾಟಬಹುದು. ಶಿಕ್ಷಕರಿಗೂ ಅದೇ ಸೂಕ್ತ: ಗಾಳಿಮಾತಿನ ಎರಡು ವಾರ ರಜೆಯಲ್ಲೇ ಕಳೆದು, ಶಾಲೆ ಶುರುವಾಗುವಾಗ ದನಿ ಸಿದ್ಧವಾಗಿರುತ್ತದೆ. ದಾಂಡೇಲಿಯ ಪ್ರವಾಸಿ ಗೈಡ್‌ಗಳು, ಹೋಮ್‌ಸ್ಟೇ ನಡೆಸುವವರು ದಸರೆಯ ಗದ್ದಲಕ್ಕೆ ಮೂರು ವಾರ ಮೊದಲು ಚುಚ್ಚಿಸಿಕೊಳ್ಳಲಿ. ಮದುವೆ, ಸಂದರ್ಶನ, ಕೋರ್ಟಿನ ಸಾಕ್ಷಿ ಇದ್ದರೂ ಇದೇ ಲೆಕ್ಕ.

ತರಬೇತಿ, ಶಸ್ತ್ರಚಿಕಿತ್ಸೆ

ಧ್ವನಿ ತರಬೇತಿ ಒಂದರಿಂದಲೇ ಈ ಸೆಳೆತ ಹೋಗುವುದಿಲ್ಲ. ಆದರೆ ಸೆಳೆತದ ಜೊತೆ ಗುದ್ದಾಡಿ ಗುದ್ದಾಡಿ ಕುತ್ತಿಗೆ, ಭುಜ ಬಿಗಿಹಿಡಿಯುವ ಅಭ್ಯಾಸ ಅಂಟಿರುತ್ತದೆ. ಅದನ್ನು ಬಿಡಿಸಲು, ಉಸಿರಿನ ಮೇಲೆ ಮೆತ್ತಗೆ ಮಾತು ಎತ್ತಲು, ಚುಚ್ಚುಮದ್ದಿನ ಫಲ ಹೆಚ್ಚು ದಿನ ಉಳಿಸಿಕೊಳ್ಳಲು ತರಬೇತಿ ನೆರವಾಗುತ್ತದೆ. ಸೆಳೆತವೋ ಬರೀ ಬಿಗಿಯೋ ಎಂಬ ಸಂಶಯವಿದ್ದಾಗ ಮೊದಲು ತರಬೇತಿ ಕೊಟ್ಟು ನೋಡುವುದೂ ಒಂದು ಪರೀಕ್ಷೆ. ಗುಳಿಗೆಗಳಿಂದ ಸಿಗುವ ಫಲ ಅಲ್ಪ. ಕೆಲವರಿಗೆ ಮದ್ಯ ಕುಡಿದಾಗ ದನಿ ತುಸು ಸಡಿಲುವುದು ನಿಜ. ಅದನ್ನು ಔಷಧವೆಂದು ಹಿಡಿದವರ ಮನೆ ಉಳಿಯುವುದಿಲ್ಲ.

1976ರಲ್ಲಿ ಹರ್ಬರ್ಟ್ ಡೆಡೊ ಧ್ವನಿಪೆಟ್ಟಿಗೆಯ ಒಂದು ಬದಿಯ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ ತಂದರು. ಹಲವರಿಗೆ ಕೆಲ ವರ್ಷಗಳಲ್ಲಿ ಸೆಳೆತ ಮರಳಿದ್ದರಿಂದ ಅದು ಹಿಂದೆ ಸರಿಯಿತು. ಈಗ ಚಾಲ್ತಿಯಲ್ಲಿರುವವು ಮುಖ್ಯವಾಗಿ ಎರಡು. ಜಪಾನಿನ ನೊಬುಹಿಕೊ ಇಶ್ಶಿಕಿ ರೂಪಿಸಿದ ಎರಡನೇ ಬಗೆಯ ಥೈರೋಪ್ಲಾಸ್ಟಿಯಲ್ಲಿ ಧ್ವನಿಪೆಟ್ಟಿಗೆಯ ಮುಂದಿನ ಮೃದ್ವಸ್ಥಿಯನ್ನು ನಡುವೆ ಸೀಳಿ, ತುಸು ಅಗಲಿಸಿ ನಿಲ್ಲಿಸುತ್ತಾರೆ; ತಂತುಗಳು ಅತಿಯಾಗಿ ಒತ್ತಿಕೊಳ್ಳುವುದು ತಪ್ಪುತ್ತದೆ. ರೋಗಿ ಎಚ್ಚರವಿದ್ದು ಮಾತಾಡುತ್ತಿದ್ದಂತೆ ಅಂತರ ಹೊಂದಿಸುವುದು ಇದರ ವಿಶೇಷ. ಇನ್ನೊಂದು, ಅಮೆರಿಕದ ಜೆರಾಲ್ಡ್ ಬರ್ಕ್ ರೂಪಿಸಿದ್ದು: ಸೆಳೆತದ ಸ್ನಾಯುವಿಗೆ ಹೋಗುವ ನರದ ಕವಲನ್ನು ಕತ್ತರಿಸಿ ಬೇರೊಂದು ನರವನ್ನು ಜೋಡಿಸುವುದು. ಎರಡೂ ಅಡಕ್ಟರ್ ಬಗೆಗೆ ಮಾತ್ರ, ಪಳಗಿದ ಕೆಲವೇ ಕೈಗಳಲ್ಲಿ ಮಾತ್ರ. ಚುಚ್ಚುಮದ್ದನ್ನು ಸರಿಯಾಗಿ ಪ್ರಯತ್ನಿಸದೆ, ಇನ್ನೊಬ್ಬ ತಜ್ಞರ ಮಾತು ಕೇಳದೆ ಕತ್ತಿಗೆ ಕತ್ತಿ ಹಚ್ಚಿಸಿಕೊಳ್ಳಬೇಡಿ.

ಖರ್ಚು ಮತ್ತು ಕಾಗದಪತ್ರ

ಔಷಧದ ಬಾಟಲಿಯಲ್ಲಿ 50 ಅಥವಾ 100 ಯೂನಿಟ್ ಇರುತ್ತದೆ, ನಿಮಗೆ ಬೇಕಾಗುವುದು ಕೆಲವೇ ಯೂನಿಟ್. ಬಿಲ್ಲು ಇಡೀ ಬಾಟಲಿಗೋ, ಬಳಸಿದ ಯೂನಿಟ್‌ಗೋ ಎಂದು ಮೊದಲೇ ಕೇಳಿ. ಡಿಸ್ಟೋನಿಯಾ ರೋಗಿಗಳನ್ನು ಒಂದೇ ದಿನ ಕರೆಯುವ ಕಡೆ ಖರ್ಚು ಇಳಿಯಬಹುದು. ಔಷಧವನ್ನು ನೀವೇ ಕೊಂಡು ಒಯ್ಯಬೇಕಾದರೆ ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ಯಬೇಕು. 2ರಿಂದ 8 ಡಿಗ್ರಿ ತಂಪು ತಪ್ಪಿದರೆ ಹಣ ನೀರುಪಾಲು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ನಿಮಗೆ ಬರೆದುಕೊಟ್ಟ ಚಿಕಿತ್ಸೆ ಆ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಚುಚ್ಚುಮದ್ದಿಗೆ ಮುನ್ನವೇ ಕೇಳಿ, ನಂತರವಲ್ಲ. ಮಾಹಿತಿಗೆ 104 ಸಹಾಯವಾಣಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನರದ ಕಾರಣದಿಂದ ಬರುವ ಶಾಶ್ವತ ವಾಕ್ ದೋಷವನ್ನೂ ಗುರುತಿಸುತ್ತದೆ. ತೀವ್ರ ತೊಂದರೆ ಇರುವವರು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ ತಪಾಸಣೆಗೆ ಒಳಪಡಬಹುದು.

ದಿನದ ಬದುಕಿಗೆ

ತರಗತಿಯಲ್ಲಿ, ಅಂಗಡಿಯಲ್ಲಿ, ಸಫಾರಿ ಜೀಪಿನಲ್ಲಿ ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ಬಳಸಿ. ದನಿ ಎತ್ತುವ ಹೆಣಗಾಟ ತಪ್ಪುತ್ತದೆ. ಫೋನಿಗಿಂತ ವಾಟ್ಸ್‌ಆ್ಯಪ್ ಸಂದೇಶ ಮೇಲು. ತುರ್ತಿಗೆ 112 ಇಂಡಿಯಾ ಆ್ಯಪ್ ಹಾಕಿಟ್ಟುಕೊಳ್ಳಿ, ಮಾತಿಲ್ಲದೆಯೂ ನೆರವು ಕೇಳಬಹುದು. ‘ನನಗೆ ಧ್ವನಿಪೆಟ್ಟಿಗೆಯ ನರರೋಗವಿದೆ. ನಿಧಾನವಾಗಿ ಮಾತಾಡುತ್ತೇನೆ, ದಯವಿಟ್ಟು ಕೇಳಿ’ ಎಂದು ಬರೆದ ಚೀಟಿ ಜೇಬಿನಲ್ಲಿದ್ದರೆ ಬ್ಯಾಂಕಿನ ಕೌಂಟರು, ಪೊಲೀಸ್ ಚೌಕಿ, ಬಸ್ ಕಂಡಕ್ಟರ್ ಎದುರು ಕುಡಿದವನೆಂದೋ ಹೆದರಿದವನೆಂದೋ ತಪ್ಪು ತಿಳಿಯುವುದು ತಪ್ಪುತ್ತದೆ. ರೋಗಕ್ಕೆ ಮನಸ್ಸು ಕಾರಣವಲ್ಲ; ಆದರೆ ಮಾತು ಬಾರದೆ ಮೂಲೆ ಸೇರಿದವರ ಮನಸ್ಸು ಕುಗ್ಗುವುದು ಸಹಜ. ಅದಕ್ಕೂ ಸಲಹೆ ಪಡೆಯಿರಿ, ನಾಚಿಕೆ ಬೇಡ.

ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಗ್ರಾಮ ಪಂಚಾಯಿತಿಯವರಲ್ಲಿ ಒಂದು ಬೇಡಿಕೆ. ನಿಮ್ಮ ಊರಿನಲ್ಲಿ ಹಾಡು ಬರುವ, ಮಾತು ಕಡಿಯುವ ಒಬ್ಬರಿದ್ದರೆ ಅವರನ್ನು ದೇವರ ಕಟ್ಟೆಗೆ ಕಳಿಸುವ ಜೊತೆಗೆ ಇಎನ್‌ಟಿ ವೈದ್ಯರ ಬಳಿಗೂ ಕಳಿಸಿ. ಮನೆಯವರು ಅವರ ವಾಕ್ಯವನ್ನು ತಾವೇ ಮುಗಿಸಲು ಹೋಗದೆ ಅವರೇ ಮುಗಿಸುವವರೆಗೆ ಕಾಯಲಿ. ದನಿ ಕೆಟ್ಟು ಮೂರು ವಾರ ದಾಟಿದ ಯಾರೇ ಆಗಲಿ, ಕಾರಣ ಯಾವುದೇ ಇರಲಿ, ಈ ವಾರವೇ ತಪಾಸಣೆಗೆ ಹೊರಡಲಿ.